ಮೆಚ್ಚುಗೆ ಪೋಷಕರದ್ದು, ದೂರು ಮಕ್ಕಳದ್ದು

ನಮ್ಮ ಶಿವಮೊಗ್ಗದಲ್ಲಿ ಖಾಸಗಿ ಇಸ್ಲಾಮಿ ಶಾಲೆಯೊಂದಕ್ಕೆ ಮಕ್ಕಳನ್ನು ಕಳುಹಿಸುವ ನೆರೆಹೊರೆಯವರ ಮಾತು ಕೇಳುತ್ತಿದ್ದರೆ, ಪೋಷಕರು ಮೆಚ್ಚುವ ಸಂಗತಿಯನ್ನೇ ಮಕ್ಕಳು ದೂರುವುದು ಕುತೂಹಲಕರವೆನಿಸುತ್ತದೆ. ರಾಜ್ಯ ಪಠ್ಯಕ್ರಮದ ಜೊತೆಗೆ ಕುರ್‌ಆನ್ ಪಠಣ, ಅರಬ್ಬಿ ಮತ್ತು ದೀನಿಯಾತ್ (ಧರ್ಮದ ಪಾಠ) ಒಂದೇ ಕಡೆ ಸಿಗುವುದರಿಂದ, ಮಳೆಗಾಲದ ಸಂಜೆ ಮಕ್ಕಳನ್ನು ಮತ್ತೆ ಮದರಸಾಕ್ಕೆ ಹೊರಡಿಸುವ ಗೋಜಿಲ್ಲ ಎಂಬುದು ತಾಯಂದಿರ ಸಮಾಧಾನ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ, “ಎರಡು ಶಾಲೆಯ ಪಾಠವನ್ನು ಒಂದೇ ದಿನದಲ್ಲಿ ಮುಗಿಸಿದರೆ ಆಟಕ್ಕೆ ಹೊತ್ತೆಲ್ಲಿ ಆಂಟಿ?” ಎಂದಳು. ಅವಳ ಪ್ರಶ್ನೆಯೇ ನನಗೆ ಹೆಚ್ಚು ನ್ಯಾಯವಾಗಿ ಕಂಡಿತು.

ತಂದೆಯಂದಿರ ಚಿಂತೆ ಶುಲ್ಕದ್ದು. ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪಿತ್ತ ಮೇಲೆ, ಆ ಕಾಯ್ದೆಯ ಶೇಕಡಾ 25ರ ಉಚಿತ ಸೀಟನ್ನು ಇಂತಹ ಶಾಲೆಯಲ್ಲಿ ಹಕ್ಕೆಂದು ಕೇಳುವಂತಿಲ್ಲ. ಬಡ ಪೋಷಕರು ಆಡಳಿತ ಮಂಡಳಿಯ ರಿಯಾಯಿತಿಯನ್ನೇ ನೆಚ್ಚಬೇಕು. ಸಂಸ್ಥೆಗಳ ಸ್ವಾಯತ್ತತೆಗೆ ಸಂವಿಧಾನದ 30ನೆಯ ವಿಧಿಯ ರಕ್ಷಣೆ ಇರುವುದು ಸರಿಯೇ, ಆದರೆ ಅದೇ ಸಮುದಾಯದ ಗಾರೆ ಕೆಲಸದವನ ಮಗುವಿಗೆ ಅದರಿಂದ ಏನು ದೊರಕಿತು ಎಂಬುದನ್ನೂ ಕೇಳಬೇಕಾಗುತ್ತದೆ.

ಕನ್ನಡದ ವಿಷಯದಲ್ಲಿ ಮಕ್ಕಳೇ ಮುಂದು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಯಾಗಿ ಕನ್ನಡವನ್ನೇ ತೆಗೆದುಕೊಳ್ಳಬೇಕೆಂದು ಅವರು ಹಟ ಹಿಡಿದರೆ, ಮನೆಯ ಹಿರಿಯರು ಉರ್ದುವಿನ ಪರ ನಿಲ್ಲುತ್ತಾರೆ. ವರ್ಷದ ನಡುವೆ ಗಣಿತದ ಶಿಕ್ಷಕರು ಬದಲಾಗುತ್ತಾರೆಂಬ ಒಂದು ದೂರಿನಲ್ಲಿ ಮಾತ್ರ ಎರಡೂ ಕಡೆಯವರು ಒಂದಾಗಿದ್ದಾರೆ.