ಟ್ಯಾಪೆಟ್ ಸದ್ದು ಮಾಡಲಿ ಬಿಡಿ

ನಮ್ಮ ರಿಪೇರಿ ವರ್ಕ್‌ಶಾಪಿನ ಜಾಬ್ ಕಾರ್ಡಿನಲ್ಲಿ ‘ಎಂಜಿನ್ ಸೌಂಡ್’ ಅಂತ ಒಂದು ಕಾಲಂ ಇದೆ. ಅದರ ಮುಂದೆ ‘ಓಕೆ’ ಬಿದ್ದರೆ ಸಾಹೇಬರಿಗೆ ಸಮಾಧಾನ. ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು, ಎಷ್ಟಿತ್ತು, ಎಷ್ಟಿಟ್ಟೆ ಅಂತ ಬರೆಯೋಕೆ ಮಾತ್ರ ಜಾಗ ಇಲ್ಲ. ವಿಜಯಪುರದ ಹತ್ತಿರ ಟಿಕೋಟಾ ಕಡೆಯ ಒಂದು ದ್ರಾಕ್ಷಿ ತೋಟದಲ್ಲಿ ಈ ಕಾಲಂ ನಮ್ಮನ್ನು ಚೆನ್ನಾಗಿಯೇ ಕುಣಿಸಿತು.

ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರೋದು, ಮುಗಿದು ಎಳೆ ಎಲೆ ಬಿಟ್ಟಿದ್ದವು. ಮೇಲೆ ಮೋಡ. ಆ ಹಂತದಲ್ಲಿ ಮಳೆ ಬಂದರೆ ಡೌನಿ ರೋಗ ಹತ್ತುತ್ತದೆ, ಔಷಧಿ ಹೊಡೆಯೋದನ್ನು ನಾಳೆಗೆ ತಳ್ಳೋ ಹಾಗಿಲ್ಲ. ಟ್ರಾಲಿ ಮೇಲೆ ಟ್ಯಾಂಕು, ಔಷಧಿ ಜೋರಾಗಿ ಚಿಮ್ಮಿಸೋ ಎಚ್‌ಟಿಪಿ ಪಂಪು, ಅದನ್ನು ತಿರುಗಿಸೋ 160 ಸಿಸಿ ಪೆಟ್ರೋಲ್ ಎಂಜಿನ್. ತಣ್ಣಗಿದ್ದಾಗ ಚೋಕ್ ಹಾಕಿ ಎಳೆದರೆ ಶುರುವಾಗುತ್ತಿತ್ತು. ಒಂದು ಟ್ಯಾಂಕ್ ಹೊಡೆದು, ನೀರು ತುಂಬೋಕೆ ಬಂದ್ ಮಾಡಿದರೆ ಮುಗೀತು, ಮತ್ತೆ ಏಳುತ್ತಿರಲಿಲ್ಲ.

ನಾನು ಹೋಗುವಾಗಲೇ ಕಾರ್ಬುರೇಟರ್ ಅಂತ ತೀರ್ಮಾನ ಮಾಡಿಕೊಂಡಿದ್ದೆ. ಪೈಲಟ್ ಜೆಟ್ ಊದಿದೆ, ಪ್ಲಗ್ ಬದಲಿಸಿದೆ, ಪೆಟ್ರೋಲ್ ಹಳೆಯದು ಅಂತ ತೋಟದ ಮಾಲೀಕರಿಗೇ ಪಾಠ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು ನಿಧಾನಕ್ಕೆ ಅಂದರು: “ತಮ್ಮಾ, ಮೊದ್ಲ ಇದು ಟಿಕ್ ಟಿಕ್ ಅಂತಿತ್ತು. ನಿಮ್ಮ ಹುಡುಗ ಬಂದು ಸಪ್ಪಳ ಬಂದ್ ಮಾಡಿ ಹೋದ. ಅವತ್ತಿಂದ ಹಿಂಗ ಆಗೇತಿ ನೋಡು.”

ಎಂಜಿನ್‌ಗೆ ಕಿವಿಗೊಟ್ಟೆ. ಒಂಚೂರೂ ಟಿಕ್ ಇಲ್ಲ. ಸಾಹೇಬರು ಕೇಳಿದ್ದರೆ ‘ಓಕೆ’ ಬರೆಯುತ್ತಿದ್ದರು.

ಹುಡುಗ ಟಿಕ್ ನಿಲ್ಲಿಸೋಕೆ ಗ್ಯಾಪನ್ನೇ ಬಿಗಿ ಮಾಡಿಬಿಟ್ಟಿದ್ದ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಕಾದಾಗ ಅದರ ಕಾಂಡ ಉದ್ದವಾಗುತ್ತದೆ. ಅದಕ್ಕೇ ಇನ್‌ಲೆಟ್‌ಗಿಂತ ಎಕ್ಸಾಸ್ಟ್‌ಗೆ ಗ್ಯಾಪ್ ಜಾಸ್ತಿ. ಹೋಂಡಾ ಜಿಎಕ್ಸ್160ಗೆ ಇನ್‌ಲೆಟ್ 0.15 ಮಿ.ಮೀ., ಎಕ್ಸಾಸ್ಟ್ 0.20. ಕಾದಾಗ ಗ್ಯಾಪ್ ಉಳಿಯದಿದ್ದರೆ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರಲ್ಲ, ಕಂಪ್ರೆಷನ್ ಸೋರುತ್ತದೆ, ಎಂಜಿನ್ ಏಳಲ್ಲ. ಹಾಗೇ ಓಡಿಸಿದರೆ ವಾಲ್ವ್ ಅಂಚು ಸುಟ್ಟು ಹೋಗುತ್ತದೆ. ಇನ್ನೊಂದು ವಿಷಯ, ಓಡ್ತಾ ಓಡ್ತಾ ವಾಲ್ವ್ ಸೀಟು ಸವೆದರೆ ಗ್ಯಾಪ್ ತಾನಾಗೇ ಕಮ್ಮಿ ಆಗುತ್ತದೆ. ಹಳೆ ಎಂಜಿನ್ ಇದ್ದಕ್ಕಿದ್ದ ಹಾಗೆ ಸುಮ್ಮನಾದರೆ ಖುಷಿಪಡಬೇಡಿ.

ಸರಿ, ಸೆಟ್ ಮಾಡೋಣ ಅಂದರೆ ಎಂಜಿನ್ ಕಾದ ಹೆಂಚಾಗಿತ್ತು. ಈ ಅಳತೆಯೆಲ್ಲ ತಣ್ಣಗಿನ ಎಂಜಿನ್‌ಗೆ. ಪ್ಲಗ್ ಬಿಚ್ಚಿ ಕಾಯ್ತಾ ಕೂತೆ. ಮೋಡ ಇನ್ನೂ ಕಪ್ಪಾಯಿತು. ತಿರುಗಿ ನೋಡಿದರೆ ಮಾಲೀಕರ ಮಗ ಬಕೆಟ್ ತುಂಬಾ ನೀರು ತಂದು ಹೆಡ್ ಮೇಲೆ ಸುರಿಯೋಕೆ ನಿಂತಿದ್ದಾನೆ! ಓಡಿಹೋಗಿ ಕೈ ಹಿಡಿದೆ. ಕಾದ ಅಲ್ಯೂಮಿನಿಯಂ ಹೆಡ್‌ಗೆ ತಣ್ಣೀರು ಬಿದ್ದರೆ ಹೆಡ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. “ಮತ್ತ ಮಳಿ ಬಂದ್ರ ಯಾರ್ ಹೊಣಿ?” ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಜವಾದ ಗೋಳು ಆಮೇಲೆ. ಊರಿನ ವೆಲ್ಡರ್ ಎಂಜಿನ್ ಕೂರಿಸುವಾಗ ರಾಕರ್ ಕವರನ್ನು ಟ್ಯಾಂಕಿನ ಫ್ರೇಮ್ ಕಡೆಗೆ ತಿರುಗಿಸಿಬಿಟ್ಟಿದ್ದ. ನಡುವೆ ಮೂರು ಬೆರಳು ಜಾಗ. ಕವರ್ ಹೇಗೋ ಓರೆಯಾಗಿ ಬಂತು. ಲಾಕ್ ನಟ್‌ಗೆ ಒಂದು ಸ್ಪ್ಯಾನರ್, ಅದರ ಕೆಳಗಿನ ಅಡ್ಜಸ್ಟರ್‌ಗೆ ಇನ್ನೊಂದು, ಜೊತೆಗೆ ಗ್ಯಾಪ್ ಅಳೆಯೋ ತೆಳು ಪಟ್ಟಿ, ಫೀಲರ್ ಗೇಜ್. ಎರಡು ಕೈ ಸಾಲದು, ಕೈ ಹೋದರೆ ಕಣ್ಣಿಗೆ ಏನೂ ಕಾಣದು.

ಅಡಿಯ ಬೋಲ್ಟ್ ಸಡಿಲಿಸಿ ಎಂಜಿನ್ ಸರಿಸಿದ್ದರೆ ಆಗುತ್ತಿತ್ತು. ಆದರೆ ಬೆಲ್ಟ್ ಮತ್ತೆ ಬಿಗಿ ಮಾಡಬೇಕಲ್ಲ, ಟೈಮ್ ವೇಸ್ಟ್ ಅಂತ ಹಾಗೇ ಕೈ ತೂರಿಸಿದೆ. ಗೇಜ್ ಓರೆಯಾಗಿ ಒಳಗೆ ಹೋಗಿ ಅಂಚಿಗೆ ಸಿಕ್ಕಿಕೊಂಡಿತು. ಎಳೆದರೆ ಬಿಗಿ. ಗ್ಯಾಪ್ ಬಿಗಿಯಿದೆ ಅಂತ ಇನ್ನಷ್ಟು ಬಿಟ್ಟೆ. ಮತ್ತೂ ಬಿಗಿ. ಮತ್ತೆ ಬಿಟ್ಟೆ. ರಾಕರ್ ಪೂರ್ತಿ ಸಡಿಲಾಗಿ, ಎಕ್ಸಾಸ್ಟ್ ವಾಲ್ವಿನ ತಲೆ ಮೇಲಿರುವ ಪುಟ್ಟ ಟೊಪ್ಪಿಗೆ ಟಣ್ ಅಂತ ಎಲ್ಲೋ ಬಿತ್ತು.

ಅದಿಲ್ಲದೆ ಎಂಜಿನ್ ಓಡಿಸೋ ಹಾಗಿಲ್ಲ. ವಿಜಯಪುರದ ಅಂಗಡಿಯಲ್ಲಿ ಸಿಕ್ಕರೂ ಹೋಗಿ ಬರೋದರೊಳಗೆ ಕತ್ತಲು. ಮೊಬೈಲ್ ಟಾರ್ಚ್ ಹಿಡಿದು ಟ್ರಾಲಿ ಕೆಳಗೆ ಮಲಗಿದೆ. ಯಾರೂ ಮಾತಾಡಲಿಲ್ಲ. ನನಗೆ ಬೈದಿದ್ದರೇ ಹಗುರವಾಗುತ್ತಿತ್ತು. ಕೊನೆಗೆ ಬಕೆಟ್ ತಂದಿದ್ದ ಅದೇ ಹುಡುಗ ಹಳೆ ಸ್ಪೀಕರಿನ ಮ್ಯಾಗ್ನೆಟ್ ತಂದು ಕೆಸರಲ್ಲಿ ಆಡಿಸಿದ. ಟೊಪ್ಪಿಗೆ ಅಂಟಿಕೊಂಡು ಬಂತು.

ಆಮೇಲೆ ತೆಪ್ಪಗೆ ಬೋಲ್ಟ್ ಸಡಿಲಿಸಿ ಎಂಜಿನ್ ಈಚೆಗೆ ಎಳೆದೆ. ಚಹಾ ತಣ್ಣಗಾಗುವಷ್ಟು ಹೊತ್ತೂ ಹಿಡಿಯಲಿಲ್ಲ. ಟೊಪ್ಪಿಗೆ ತೊಳೆದು ಕೂರಿಸಿ, ರಾಕರನ್ನು ತಳ್ಳುವ ಪುಶ್ ರಾಡ್ ತನ್ನ ಜಾಗದಲ್ಲಿದೆಯಾ ನೋಡಿದೆ. ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಗ್ಗ ನಿಧಾನಕ್ಕೆ ಎಳೆದು, ಗಾಳಿ ತಳ್ಳುವ ಸುತ್ತಿನಲ್ಲೇ ಪಿಸ್ಟನ್ನನ್ನು ಮೇಲ್ತುದಿಗೆ ತಂದೆ. ಇನ್‌ಲೆಟ್‌ಗೆ 0.15, ಎಕ್ಸಾಸ್ಟ್‌ಗೆ 0.20. ಲಾಕ್ ನಟ್ ಬಿಗಿ ಮಾಡಿದಾಗ ಅಡ್ಜಸ್ಟರ್ ಜೊತೆಗೇ ತಿರುಗಿ ಗ್ಯಾಪ್ ಕಮ್ಮಿಯಾಗಿತ್ತು. ಇದು ಪ್ರತಿಸಲ ಮಾಡುವ ಕಿತಾಪತಿ. ಬಿಚ್ಚಿ ಮತ್ತೆ ಹಿಡಿದು, ಬಿಗಿ ಮಾಡಿದ ಮೇಲೆ ಗೇಜ್ ಹಾಕಿ ನೋಡಿದೆ.

ಎಂಜಿನ್ ಟಿಕ್ ಟಿಕ್ ಅಂತ ಶುರುವಾಯಿತು.

“ಮತ್ತ ಸಪ್ಪಳ ಬಂತಲ್ಲೋ!”

“ಇರಲಿ ಕಾಕಾ, ಇದು ಇರಬೇಕಾದ ಸಪ್ಪಳ.”

ಟ್ಯಾಂಕ್ ಖಾಲಿಯಾಗುವ ತನಕ ನಾನು ಅಲ್ಲೇ ನಿಂತೆ. ಬಂದ್ ಮಾಡಿ, ನೀರು ತುಂಬಿ, ಹಗ್ಗ ಎಳೆದರು. ಒಂದೇ ಎಳೆತಕ್ಕೆ ಎದ್ದಿತು. ಮಳೆ ಅವತ್ತು ಬರಲೇ ಇಲ್ಲ ಅನ್ನೋದು ಬೇರೆ ಮಾತು.

ಜಾಬ್ ಕಾರ್ಡಿನ ‘ಸೌಂಡ್’ ಕಾಲಮಿನಲ್ಲಿ ‘ಟಿಕ್ ಇದೆ, 0.15/0.20’ ಅಂತ ಬರೆದೆ. ಸಾಹೇಬರು ಎರಡನ್ನೂ ಹೊಡೆದು ‘ಓಕೆ’ ಬರೆದರು. ಎಂಜಿನ್ ಸರಿಸಿದ ಲೇಬರ್ ಬಿಲ್ಲಿಗೆ ಹಾಕಿಲ್ಲ, ಅದಕ್ಕೆ ಕಾಲಂ ಇಲ್ಲವಂತೆ.