ಸಿನಿಮಾ ಹಾಡಿನ ಮೇಲೆ ಪಿಎಚ್‌ಡಿನಾ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

"ಹಾಡು, ಸ್ಟಾರು, ಅಭಿಮಾನಿಗಳು, ಇದ್ರಲ್ಲಿ ರಿಸರ್ಚ್ ಮಾಡೋಕೆ ಏನಿದೆ ಮಾರಾಯ್ರೆ?" ನೆಂಟರಿಂದ ಹಿಡಿದು ಬೇರೆ ಡಿಪಾರ್ಟ್‌ಮೆಂಟಿನ ಮೇಷ್ಟ್ರುಗಳ ತನಕ ಎಲ್ರೂ ಕೇಳ್ತಾರೆ. ಥಿಯರಿ ಕೊರೆಯಲ್ಲ, ಅಣ್ಣಾವ್ರ ಕಂಠನೇ ತಗೊಳ್ಳಿ.

1954ರ ಬೇಡರ ಕಣ್ಣಪ್ಪದಿಂದ ಹೀರೋ ಆದ ರಾಜ್‌ಕುಮಾರ್‌ಗೆ ಹೆಚ್ಚುಕಮ್ಮಿ ಇಪ್ಪತ್ತು ವರ್ಷ ಬೇರೆಯವರೇ ಹಾಡಿದ್ದು, ಅದ್ರಲ್ಲೂ ಪಿ.ಬಿ. ಶ್ರೀನಿವಾಸ್. ಮುಖ ಒಬ್ಬರದು ದನಿ ಇನ್ನೊಬ್ಬರದು, ಜನಕ್ಕೆ ಅದೇನೂ ತಕರಾರಿರ್ಲಿಲ್ಲ. 1974ರಲ್ಲಿ ಸಂಪತ್ತಿಗೆ ಸವಾಲ್ ಬಂತು ನೋಡಿ, ಎಮ್ಮೆ ಮೇಲೆ ಕೂತು ಹಾಡೋ ಆ ಹಾಡು, ಸಂಗೀತ ಜಿ.ಕೆ. ವೆಂಕಟೇಶ್, ಹಾಡಿದ್ದು ಖುದ್ದು ಅಣ್ಣಾವ್ರು. ಅದಕ್ಕೂ ಮುಂಚೆ ಅಪರೂಪಕ್ಕೆ ಹಾಡಿದ್ರು, ಕಂಪನಿ ನಾಟಕದಿಂದ ಬಂದವರಿಗೆ ಅದೇನು ಹೊಸದಲ್ಲ, ಆದ್ರೆ ತಮ್ಮ ಹಾಡು ತಾವೇ ಹಾಡೋದು ರೂಢಿಯಾಗಿದ್ದು ಅಲ್ಲಿಂದಾಚೆ. 1992ರ ಜೀವನ ಚೈತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತಲ್ಲ, ಅದು ಬಂದಿದ್ದೂ ಗಾಯನಕ್ಕೇ!

ಈಗ 1982ಕ್ಕೆ ಬನ್ನಿ. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕು ಅಂತ ನಡೆದ ಗೋಕಾಕ್ ಚಳವಳಿಗೆ ಅವರು ಧುಮುಕಿದ್ಮೇಲೆ ಸಭೆಗಳಿಗೆ ಜನ ಸಾಗರದ ಹಾಗೆ ಬಂದ್ರು. ಮೈಕಲ್ಲಿ ಕನ್ನಡ ಕನ್ನಡ ಅಂತಿದ್ದ ದನಿ ಅಷ್ಟೊತ್ತಿಗೆ ರೇಡಿಯೋದಲ್ಲಿ, ಭಕ್ತಿಗೀತೆಗಳಲ್ಲಿ ಮನೆಮನೆಗೂ ಪರಿಚಯ ಆಗಿದ್ದ ದನಿನೇ. ಅದಕ್ಕೂ ಆ ಜನಸಾಗರಕ್ಕೂ ನಂಟಿದೆಯಾ? ಇದೆ ಅಂತ ನನಗನ್ಸುತ್ತೆ, ಆದ್ರೆ ಅನ್ಸಿದ್ರೆ ಸಾಲದು, ತೋರಿಸ್ಬೇಕು, ಪಿಎಚ್‌ಡಿ ಅಂದ್ರೆ ಅದೇ ಗೋಳು.

ಯಾಕಂದ್ರೆ ಪಕ್ಕದ ಮನೆ ನೋಡಿದ್ರೆ ಲೆಕ್ಕ ತಪ್ಪುತ್ತೆ. ತಮಿಳಿನ ಸ್ಟಾರ್ ಎಂಜಿಆರ್‌ಗೆ ಹಾಡ್ತಿದ್ದದ್ದು ಟಿ.ಎಂ. ಸೌಂದರರಾಜನ್, ತೆಲುಗಿನ ಎನ್‌ಟಿಆರ್‌ಗೆ ಘಂಟಸಾಲ. ಎರವಲು ದನಿಯ ಇಬ್ಬರೂ ಸಿಎಂ ಆದ್ರು, ಒಬ್ರು 1977ರಲ್ಲಿ ಇನ್ನೊಬ್ರು 1983ರಲ್ಲಿ, ಸ್ವಂತ ದನಿಯಲ್ಲಿ ಹಾಡಿದವರು ಚುನಾವಣೆಗೇ ನಿಲ್ಲಲಿಲ್ಲ. ಈ ಮೂವರನ್ನ ಒಟ್ಟಿಗಿಟ್ಟು ಸಿನಿಮಾ ವಿದ್ವಾಂಸ ಎಂ. ಮಾಧವ ಪ್ರಸಾದ್ 2014ರಲ್ಲಿ ಒಂದು ಪುಸ್ತಕನೇ ತಂದ್ರು, ಭಾಷಾವಾರು ರಾಜ್ಯಗಳಲ್ಲಿ ಸ್ಟಾರ್ ಅನ್ನೋನು ಒಂದು ಭಾಷೆಯ ಜನರ ಪ್ರತಿನಿಧಿ ಆಗಿಬಿಡೋದು ಹೇಗೆ ಅನ್ನೋದು ಅವರ ಪ್ರಶ್ನೆ. ಅದ್ರೊಳಗೆ ದನಿಯ ಪಾಲೆಷ್ಟು ಅನ್ನೋದು ನಂದು.

ಹಾಗಾಗಿ ನನ್ನ ದಿನ ಕಳೆಯೋದು ಥಿಯೇಟರಲ್ಲಲ್ಲ, ಟಾಕೀಸ್ ಹೊರಗೆ ಮಾರ್ತಿದ್ರಲ್ಲ ತೆಳ್ಳಗಿನ ಹಾಡಿನ ಪುಸ್ತಕಗಳು, ಅಭಿಮಾನಿ ಸಂಘಗಳ ಕರಪತ್ರ, ಧೂಳು ಹಿಡಿದ ಕ್ಯಾಸೆಟ್ ಕವರು, ಇವುಗಳ ಜೊತೆ. ಲೈಬ್ರರಿಗಳಲ್ಲಿ ಇಂಥದ್ದು ಸಿಗೋದು ಕಮ್ಮಿ, ನಿಮ್ಮನೆ ಅಟ್ಟದ ಮೇಲಿದ್ರೆ ದಯವಿಟ್ಟು ಗುಜರಿಗೆ ಹಾಕೋ ಮುಂಚೆ ನನಗೊಂದು ಮೆಸೇಜ್ ಮಾಡಿ.