ಕಳೆ ಕೀಳುವ ಮೊದಲು ಬಂಡೆ ಮುಟ್ಟಿ ನೋಡಿ

ಧಾರವಾಡದ ಒಂದು ಡಿಗ್ರಿ ಕಾಲೇಜಿನಲ್ಲಿ ಬಾಟನಿ ಪಾಠ ಮಾಡುತ್ತೇನೆ. ಪಾಚಿಗಳ ಪೇಪರ್ ನನ್ನ ಪಾಲಿಗೆ ಬಂದಿದೆ. ಸಮುದ್ರವೇ ಇಲ್ಲದ ಊರಲ್ಲಿ ಕೂತು ಕಡಲಕಳೆ, ಅಂದರೆ ಸಮುದ್ರದ ದೊಡ್ಡ ಪಾಚಿ, ಕಲಿಸುವುದು ಸ್ವಲ್ಪ ವಿಚಿತ್ರವೇ. ಹಾಗಾಗಿ ಬಿ.ಎಸ್ಸಿ. ಹುಡುಗರನ್ನು ಕಟ್ಟಿಕೊಂಡು ಗೋಕರ್ಣ, ಕಾರವಾರದ ಕಡೆ ಟೂರ್ ಹೋಗುತ್ತೇವೆ. ಕಳೆಗೆ ಬೆಳಕಷ್ಟೇ ಅಲ್ಲ, ಬಂಡೆ ಮೇಲೆ ಕೂತ ಮಣ್ಣೂ ಮುಖ್ಯ ಅಂತ ಈ ಓಡಾಟದಲ್ಲಿ ಕಂಡು, ನಾನು ಪಾಠ ಮಾಡುವ ರೀತಿಯೇ ಬದಲಾಯಿತು. ಬೇರೆ ಕಾಲೇಜಿನವರಿಗೂ ಉಪಯೋಗವಾಗಬಹುದು ಅಂತ ಬರೆಯುತ್ತಿದ್ದೇನೆ.

ಪರೀಕ್ಷೆಯಲ್ಲಿ ಒಂದು ಕಾಯಂ ಪ್ರಶ್ನೆ ಇದೆ. ಸಮುದ್ರದಲ್ಲಿ ಹಸಿರು ಕಳೆ ಮೇಲೆ, ಕಂದು ನಡುವೆ, ಕೆಂಪು ಕೆಳಗೆ ಯಾಕೆ? ಎಲ್ಲರದೂ ಒಂದೇ ಉತ್ತರ. ನೀರು ಕೆಂಪು ಬೆಳಕನ್ನು ಮೊದಲ ಕೆಲವು ಮೀಟರ್‌ನಲ್ಲೇ ನುಂಗಿಬಿಡುತ್ತದೆ, ಹಸಿರು ಮತ್ತು ನೀಲಿ ಇನ್ನೂ ಕೆಳಗಿಳಿಯುತ್ತವೆ, ಕೆಂಪು ಕಳೆಯಲ್ಲಿರುವ ಫೈಕೋಎರಿತ್ರಿನ್ ಅನ್ನುವ ಬಣ್ಣದ ವಸ್ತು ಆ ಹಸಿರು ಬೆಳಕನ್ನು ಹಿಡಿಯುತ್ತದೆ. 1883ರಲ್ಲಿ ಜರ್ಮನಿಯ ವಿಜ್ಞಾನಿ ಎಂಗೆಲ್‌ಮನ್ ಹೇಳಿದ್ದು ಇದು. ಚಂದದ ವಿವರಣೆ, ಮಾರ್ಕ್ಸೂ ಬರುತ್ತದೆ. ಆದರೆ ದಂಡೆಗೆ ಹೋದರೆ ಗ್ರಾಸಿಲೇರಿಯಾ ಅನ್ನುವ ಕೆಂಪು ಕಳೆ ಇಳಿತದ ಹೊತ್ತಿಗೆ ಬಿಸಿಲಿಗೆ ಮೈಯೊಡ್ಡಿ ಬಿದ್ದಿರುತ್ತದೆ. ಬಣ್ಣದ ಲೆಕ್ಕ ಅಲ್ಲೇ ತಪ್ಪುತ್ತದೆ. ಅಲೆ ಬಂದು ಹೋಗುವ ಜಾಗದಲ್ಲಿ ಒಣಗುವಿಕೆ, ಬಿಸಿ, ಮೇಯುವ ಬಸವನಹುಳು, ಇವುಗಳ ಆಟವೇ ಜಾಸ್ತಿ.

ಬೆಳಕಿಗೆ ಬೆಲೆ ಇಲ್ಲ ಅಂತಲ್ಲ. ಕಳೆ ಎಷ್ಟು ಆಳದವರೆಗೆ ಹೋಗಬಲ್ಲದು ಅನ್ನುವುದನ್ನು ಬೆಳಕೇ ನಿರ್ಧರಿಸುತ್ತದೆ. ಬಹಾಮಾಸ್ ದ್ವೀಪಗಳ ಹತ್ತಿರ 268 ಮೀಟರ್ ಆಳದಲ್ಲೂ ಬಂಡೆಗೆ ಅಂಟಿಕೊಂಡ ಸುಣ್ಣದಂಥ ಕೆಂಪು ಪಾಚಿ ಸಿಕ್ಕಿದೆ. ಅಲ್ಲಿಯ ನೀರು ಅಷ್ಟು ತಿಳಿ. ನಮ್ಮ ಉತ್ತರ ಕನ್ನಡದ ದಂಡೆಯಲ್ಲಿ ಮಳೆಗಾಲಕ್ಕೆ ನೀರಲ್ಲಿ ಕೈ ಇಳಿಸಿದರೆ ಬೆರಳೇ ಕಾಣುವುದಿಲ್ಲ. ಬೆಳಕು ಕದಿಯುವುದು ನೀರಿಗಿಂತ ಹೆಚ್ಚಾಗಿ ಅದರಲ್ಲಿ ತೇಲುವ ಮಣ್ಣು.

ಇಳಿತದಲ್ಲಿ ಬಂಡೆ ಮೇಲೆ ನಡೆಯುವಾಗ ಒಂದು ನೋಟ ಪ್ರತಿ ಸಲ ಕಾಣುತ್ತದೆ. ಪಕ್ಕಪಕ್ಕದ ಎರಡು ಬಂಡೆ, ಒಂದೇ ಎತ್ತರ, ಒಂದೇ ಬಿಸಿಲು. ಒಂದರ ಮೇಲೆ ಸರ್ಗಾಸಮ್, ಪಡೀನಾ ಅನ್ನುವ ಕಂದು ಕಳೆಗಳು ದಟ್ಟವಾಗಿ ಬೆಳೆದಿರುತ್ತವೆ. ಇನ್ನೊಂದರ ಮೇಲೆ ಉಗುರುದ್ದದ ಗಿಡ್ಡ ಪಾಚಿಯ ಮಾಸಲು ಹಾಸು ಮಾತ್ರ. ಹುಡುಗರು ಸರ್ಗಾಸಮ್ ಕಡೆ ಓಡುತ್ತಾರೆ, ಒಣಗಿಸಿದ ಕಳೆ ಅಂಟಿಸುವ ಹರ್ಬೇರಿಯಂ ಹಾಳೆ ತುಂಬಬೇಕಲ್ಲ. ಇನ್ನೊಂದು ಬಂಡೆ ಬಗ್ಗೆ ಕೇಳಿದರೆ, "ಮೇಡಂ, ಇಲ್ಲೇನೂ ಇಲ್ರಿ, ಬರೀ ರಾಡಿ ಐತ್ರಿ" ಅನ್ನುತ್ತಾರೆ. ನಾನು ಅವರನ್ನು ಆ ರಾಡಿಯ ಹತ್ತಿರವೇ ಕೂರಿಸುತ್ತೇನೆ.

ಹೆಬ್ಬೆರಳಿಂದ ಹಾಸನ್ನು ಒತ್ತಿದರೆ ಸುತ್ತಲ ನೀರು ಕದಡಿ ಕಂದಾಗುತ್ತದೆ. ಬೆಂಕಿಪೊಟ್ಟಣದಷ್ಟು ತುಂಡನ್ನು ಕೆರೆದು, ಬಾಟಲಿಗೆ ಹಾಕಿ, ಜೋರಾಗಿ ಅಲುಗಾಡಿಸಿ, ರಾತ್ರಿ ಲಾಡ್ಜಿನ ಕಿಟಕಿಯಲ್ಲಿಟ್ಟರೆ ಬೆಳಿಗ್ಗೆ ನೋಡಬೇಕು. ತಳದಲ್ಲಿ ಮರಳು, ಅದರ ಮೇಲೆ ನುಣ್ಣನೆ ಕೆಸರು. ಕಳೆ ನೋಡಿದರೆ ನಾಲ್ಕು ಎಳೆ.

ಆ ಕೆಸರು ಸುಮ್ನೆ ಕೂತಿರುವುದಿಲ್ಲ. ದೊಡ್ಡ ಕಳೆಯ ಬೀಜಾಣು ಬಂದು ಗಟ್ಟಿ ಬಂಡೆಗೇ ಅಂಟಬೇಕು. ತಂಪು ಸಮುದ್ರದ ಕೆಲ್ಪ್ ಅನ್ನುವ ದೊಡ್ಡ ಕಂದು ಕಳೆಯ ಬೀಜಾಣುವಂತೂ ಮಿಲಿಮೀಟರ್‌ನ ನೂರನೇ ಒಂದು ಭಾಗಕ್ಕಿಂತ ಚಿಕ್ಕದು. ಅದು ಮರಳಿನ ಕಣದ ಮೇಲೆ ಕೂತರೆ ಮುಂದಿನ ಅಲೆಗೆ ಕಣದ ಜೊತೆ ತಾನೂ ಉರುಳಿ ಹೋಯಿತು. ಕೆಸರಿನ ಅಡಿ ಸಿಕ್ಕಿದರೆ ಬೆಳಕೂ ಇಲ್ಲ, ಹೊಸ ನೀರೂ ಇಲ್ಲ. ಅಲೆಯಲ್ಲಿ ಓಡಾಡುವ ಮರಳು ಎಳೆ ಸಸಿಯನ್ನು ಉಜ್ಜಿ ಹಾಕುತ್ತದೆ. ಆ ಗಿಡ್ಡ ಪಾಚಿಯ ಹಾಸು ಮಾತ್ರ ಇದನ್ನೆಲ್ಲ ತಡೆದುಕೊಳ್ಳುತ್ತದೆ. ತುಂಡಾದರೂ ಚಿಗುರುತ್ತದೆ, ಅಡ್ಡಡ್ಡ ಹಬ್ಬುತ್ತದೆ, ಮಣ್ಣನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ.

ದೊಡ್ಡ ಕಳೆ ಇರುವಷ್ಟು ದಿನ ಕಥೆ ಬೇರೆ. ಅದರ ನೆರಳಿಗೆ ಹಾಸು ಬೆಳೆಯುವುದಿಲ್ಲ. ಅಲೆಗೆ ಅದು ಬಳುಕುವಾಗ ಎಲೆಗಳು ಬಂಡೆಯನ್ನು ಪೊರಕೆಯಂತೆ ಗುಡಿಸುತ್ತವೆ. ಕಳೆ ಹೋಯಿತು ಅಂದರೆ ಬೆಳಕು ನೇರವಾಗಿ ಕೆಳಗೆ ಬೀಳುತ್ತದೆ, ಹಾಸು ಬರುತ್ತದೆ, ಹಾಸು ಮಣ್ಣು ಹಿಡಿಯುತ್ತದೆ, ಆಮೇಲೆ ದೊಡ್ಡ ಕಳೆಯ ಮರಿಗಳಿಗೆ ಜಾಗವೇ ಇಲ್ಲ. ಆಸ್ಟ್ರೇಲಿಯಾದ ಅಡಿಲೇಡ್ ನಗರದ ದಂಡೆಯಲ್ಲಿ ಕೊಳಚೆ ನೀರಿನ ಪೋಷಕಾಂಶ ಮತ್ತು ಮಣ್ಣು ಸೇರಿ ಹೀಗೇ ಆಗಿದೆ. ಹಾಗಾಗಿ "ಬೆಳಕು ಜಾಸ್ತಿ ಇದ್ದಲ್ಲಿ ಕಳೆ ಜಾಸ್ತಿ" ಅಂತ ಯಾರಾದರೂ ಬರೆದರೆ ನಾನು ಪೂರ್ತಿ ಮಾರ್ಕ್ಸ್ ಕೊಡುವುದಿಲ್ಲ. ಯಾವ ಕಳೆ ಅಂತ ಕೇಳುತ್ತೇನೆ.

ಟೂರಿಗೆ ಮೊದಲು ಲ್ಯಾಬಿನಲ್ಲೇ ಒಂದು ಪ್ರಯೋಗ ಮಾಡಿಸುತ್ತೇನೆ, ಖರ್ಚಿಲ್ಲದ್ದು. ಎರಡು ಮೆಜರಿಂಗ್ ಸಿಲಿಂಡರ್. ಒಂದರಲ್ಲಿ ಡಿಸ್ಟಿಲ್ಡ್ ವಾಟರ್, ಇನ್ನೊಂದರಲ್ಲಿ ಲೀಟರಿಗೆ 35 ಗ್ರಾಂ ಉಪ್ಪು ಹಾಕಿದ ನೀರು. ಎರಡಕ್ಕೂ ಒಂದೊಂದು ಚಮಚ ಎರಿ ಮಣ್ಣು, ತಳದಲ್ಲಿ ಒಂದೊಂದು ಗಾಜಿನ ಸ್ಲೈಡ್. ಸಾದಾ ನೀರು ಮರುದಿನವೂ ರಾಡಿಯಾಗೇ ಇರುತ್ತದೆ. ಉಪ್ಪಿನ ನೀರಿನಲ್ಲಿ ಜೇಡಿಯ ಸಣ್ಣ ಕಣಗಳು ಒಂದಕ್ಕೊಂದು ಅಂಟಿ, ಹತ್ತಿಯ ಎಳೆಯಂತಾಗಿ ಬೇಗ ಕೆಳಗಿಳಿಯುತ್ತವೆ. ಸ್ಲೈಡ್ ಎತ್ತಿದರೆ ಮೆತ್ತನೆ ಪದರ. ನದಿ ಸಮುದ್ರ ಸೇರುವಲ್ಲಿ ಬಂಡೆ ಮೇಲೆ ಆಗುವುದೂ ಇದೇ.

ಹುಬ್ಬಳ್ಳಿ-ಧಾರವಾಡದ ಕಡೆ ಹುಟ್ಟುವ ಬೇಡ್ತಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಗೋಕರ್ಣದ ಉತ್ತರಕ್ಕೆ ಸಮುದ್ರ ಸೇರುತ್ತದೆ ಅಂತ ಆಗಲೇ ಹೇಳುತ್ತೇನೆ. ನಮ್ಮ ಹೊಲದ ಮಣ್ಣೂ ಅಲ್ಲಿಗೆ ಹೋಗುತ್ತದಾ ಅಂತ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಈಗ ರೆಕಾರ್ಡಿನಲ್ಲಿ ಕಳೆಯ ಹೆಸರಿಗಿಂತ ಮುಂಚೆ ಮೂರು ಕಾಲಂ ಇವೆ: ಬಂಡೆ ಇಳಿಜಾರೋ ಸಮತಟ್ಟೋ, ಮೇಲೆ ಮಣ್ಣು ಎಷ್ಟು ದಪ್ಪ, ಮರಳಿನ ಅಂಚಿಂದ ಎಷ್ಟು ದೂರ. ಇಳಿಜಾರಲ್ಲಿ ಮಣ್ಣು ನಿಲ್ಲುವುದಿಲ್ಲ, ಅದಕ್ಕೇ ಮೊದಲನೆಯದು. ನೀರು ಎಷ್ಟು ತಿಳಿ ಅಂತ ನೋಡಲು ಬಿಳಿ ಬಣ್ಣ ಹಚ್ಚಿದ ಊಟದ ತಾಟಿಗೆ ಹಗ್ಗ ಕಟ್ಟಿ, ಅದು ಕಾಣದಾಗುವವರೆಗೆ ಜೆಟ್ಟಿಯಿಂದ ಇಳಿಬಿಡುತ್ತೇವೆ. 1865ರಲ್ಲಿ ಇಟಲಿಯ ವಿಜ್ಞಾನಿ ಸೆಕ್ಕಿ ಮಾಡಿದ್ದೂ ಹೀಗೇ.

ಹೋಗುವುದಾದರೆ ಡಿಸೆಂಬರ್, ಜನವರಿ ಒಳ್ಳೆಯದು. ಮಳೆಯ ರಾಡಿ ಇಳಿದು ಕಳೆ ಚೆನ್ನಾಗಿ ಬೆಳೆದಿರುತ್ತದೆ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ದಿನ ಹಿಡಿಯಿರಿ, ಆಗ ಇಳಿತ ದೊಡ್ಡದು. ಹಳೆ ಟೂತ್‌ಬ್ರಷ್, ಅಗಲ ಬಾಯಿಯ ಬಾಟಲಿ, ಸ್ಟೀಲ್ ಸ್ಕೇಲ್ ಮರೆಯಬೇಡಿ. ಚಪ್ಪಲಿ ಬೇಡ, ಬೂಟು ಹಾಕಿಸಿ. ಆ ಹಾಸಿನ ಮೇಲೆ ಕಾಲಿಟ್ಟರೆ ಜಾರುವುದು ಗ್ಯಾರಂಟಿ.